ಅತಿಥಿಯಾಗಿ ಕೂರಲು ಬಾರದ ಖುವೆ

ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟ ಸುತ್ತುವವರಿಗೆಲ್ಲ ಹಾ ಜಾಂಗ್ ಊರಾಚೆಯ ಖುವೆಯ ಮನೆ ಗೊತ್ತು. ಕಂಬಗಳ ಮೇಲೆ ನಿಂತ, ತಾಳೆಗರಿ ಹೊದಿಸಿದ ಮನೆ. ಮೇಲೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಸಾಲು ಹಾಸಿಗೆ, ಕೆಳಗೆ ಬಾತುಕೋಳಿ. ಗಂಡ ತೀರಿಕೊಂಡ ಮೇಲೆ ಆ ಹಾಸಿಗೆಗಳನ್ನೇ ನೆಚ್ಚಿಕೊಂಡು ಅವಳು ಮಕ್ಕಳನ್ನು ದಡ ಮುಟ್ಟಿಸಿದ್ದಳು. ಬಂದವರು ಅವಳ ಕೈಯ ಅನ್ನ ಉಂಡು, ಜೋಳದ ಹೆಂಡ ಕುಡಿದು, ಮಾ ಪಿ ಲೆಂಗ್ ಘಾಟಿ ನೋಡಲು ಹೋಗುತ್ತಿದ್ದರು. ಯಾವ ಯಾವುದೋ ದೇಶದವರೆಲ್ಲ ನೋಡಿಬಂದ ಆ ಘಾಟಿಯನ್ನು ಅದೇ ಸೀಮೆಯಲ್ಲಿ ಹುಟ್ಟಿದ ಖುವೆ ಮಾತ್ರ ನೋಡಿರಲಿಲ್ಲ. ಅವಳು ಹೊರಟರೆ ಒಲೆಯ ಮುಂದೆ ಕೂರುವವರು ಯಾರು?

ಅರವತ್ತು ದಾಟಿದ ಮೇಲೆ ಸೊಸೆ ಒಲೆ ವಹಿಸಿಕೊಂಡಳು. ಯಾರೋ ಹಾಲೆಂಡಿನವನು ಬಿಟ್ಟುಹೋಗಿದ್ದ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಖುವೆ ಘಾಟಿ ನೋಡಲು ಹೊರಟಳು. ಹಿಂದಿನಿಂದ ನೋಡಿದರೆ ಚೀಲಕ್ಕೇ ಎರಡು ಕಾಲು ಬಂದಂತಿತ್ತು. ಜೊತೆಗೆ ಹೊರಟವಳು ಬಾಲ್ಯದ ಗೆಳತಿ ಥೋವಾ. ಸಂತೆಯಲ್ಲಿ ಸಸಿ ಮಾರುವವಳು. ಮೋಟಾರು ಬೈಕು ಅವಳದು, ಓಡಿಸುವವಳೂ ಅವಳೇ, ಹಾಗಾಗಿ ಮಾತು ನಡೆಯುತ್ತಿದ್ದುದೂ ಅವಳದೇ.

ತೊಂದರೆ ಮೊದಲ ಊರಿನಲ್ಲೇ ಶುರುವಾಯಿತು. ಕ್ವಾನ್ ಬಾದಲ್ಲಿ ಅವರು ರಾತ್ರಿ ಇಳಿದುಕೊಂಡ ಮನೆಯ ಯಜಮಾನಿ ಬೆಳಗ್ಗೆ ಎದ್ದು ಬಂದರೆ, ಖುವೆ ಅವಳ ಒಲೆಯ ಮುಂದೆ ಕೂತು ಮೊಟ್ಟೆ ಹುರಿಯುತ್ತಿದ್ದಳು.

"ಯಾಕಕ್ಕ, ರಾತ್ರಿ ನಮ್ಮ ಅಡುಗೇಲಿ ಉಪ್ಪು ಕಮ್ಮಿ ಆಗಿತ್ತಾ? ಬಾಯಿ ಬಿಟ್ಟು ಹೇಳಬೋದಿತ್ತಲ್ಲ!" ಎಂದು ಯಜಮಾನಿ ಮುಖ ಊದಿಸಿಕೊಂಡಳು.

ಯೆನ್ ಮಿನ್‌ನಲ್ಲಿ ಇನ್ನೂ ಕೆಟ್ಟಿತು. ಮುಸ್ಸಂಜೆ ಇಬ್ಬರು ವಿದೇಶಿ ಹುಡುಗರು ಚೀಲ ಹೊತ್ತು ಮೆಟ್ಟಿಲು ಹತ್ತಿ ಬಂದರು. ಖುವೆಯ ಕಾಲು ತಾನಾಗಿಯೇ ಎದ್ದಿತು. ಅವರ ಶೂ ಸರಿಸಿಟ್ಟು, ಹಾಸಿಗೆ ಹಾಸಿ, ಸೊಳ್ಳೆಪರದೆ ಕಟ್ಟಿ, ಸ್ನಾನದ ಕೋಣೆ ತೋರಿಸಿದಳು. ಮನೆಯ ಯಜಮಾನ ಬಾಗಿಲಲ್ಲಿ ನಿಂತು ಎಲ್ಲ ನೋಡಿ ಕೇಳಿದ: "ತಾಯಿ, ಈ ಮನೆ ನಿಮ್ಮದೋ ನಮ್ಮದೋ? ಒಂದು ಸಲ ಹೇಳಿಬಿಡಿ."

ಖುವೆಯನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ ಥೋವಾ ಕೈಬೆರಳು ಎತ್ತಿದಳು.

"ನೋಡೇ ಖುವೆ, ನಿನ್ನಿಂದ ನನ್ನ ಮಾನ ಮೂರುಕಾಸಿಗೆ ಹೋಯ್ತು. ಇನ್ನೊಂದು ಸಲ ಯಾರದಾದ್ರೂ ಒಲೆ ಮುಟ್ಟು, ಗಾಡಿ ಮನೆ ಕಡೆ ತಿರುಗಿಸ್ತೀನಿ. ಮಾ ಪಿ ಲೆಂಗ್ ಬದಲು ನನ್ನ ಬೆನ್ನು ನೋಡ್ಕೊಂಡು ವಾಪಸ್ ಬಾ."

"ಮುಟ್ಟಲ್ಲ ಕಣೆ. ಹಿರಿಯರ ಆಣೆ."

ಥೋವಾ ಆಡಿದರೆ ಆಡಿದ್ದೇ ಎಂದು ಖುವೆಗೆ ಗೊತ್ತಿತ್ತು. ಮರುದಿನ ಡೋಂಗ್ ವಾನ್‌ನಲ್ಲಿ ರಾತ್ರಿ ಊಟಕ್ಕೆ ಕೂತಾಗ ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಿದ್ದಳು. ಘಾಟಿಗೆ ಇನ್ನು ಒಂದು ಬೆಳಗಿನ ಹಾದಿಯಷ್ಟೇ ಉಳಿದಿತ್ತು.

ಅವರು ಇಳಿದಿದ್ದ ಮನೆಯವರೂ ಇವರಂತೆಯೇ ತಾಯ್ ಬುಡಕಟ್ಟಿನ ಜನ. ಯಜಮಾನಿಯ ಮಗಳು ತುಂಬು ಬಸುರಿ. ಬಗ್ಗಲಾರದ ಹೆಂಡತಿಯ ಬದಲು ಮನೆಯಳಿಯನೇ ಅಡುಗೆಗೆ ಇಳಿದಿದ್ದ. ಬಯಲುಸೀಮೆಯ ನಾಮ್ ದಿನ್ ಕಡೆಯ ಹುಡುಗ. ಗ್ಯಾಸಿನ ಒಲೆಯ ಮುಂದೆ ಬೆಳೆದವನು. ಬಲು ಉತ್ಸಾಹದಿಂದ ಒಂದು ಸೌದೆ ತೆಗೆದುಕೊಂಡು ಅದರ ಸಣ್ಣ ತುದಿಯನ್ನು ಮುಂದೆ ಮಾಡಿ ಬೆಂಕಿಗೆ ನೂಕಿದ.

ಖುವೆ ಒಲೆಯತ್ತ ಕತ್ತು ಚಾಚಿದಳು. ಸೌದೆಯ ಬುಡ ಮೊದಲು ಒಲೆಗೆ ಹೋಗಬೇಕು. ತುದಿ ಮೊದಲು ಹೋದರೆ ಹೊಟ್ಟೆಯಲ್ಲಿರುವ ಕೂಸು ಕಾಲು ಮುಂದಾಗಿ ಬರುತ್ತದೆ. ಇದನ್ನು ತಾಯ್ ಮಕ್ಕಳು ನಡೆಯಲು ಕಲಿಯುವ ಮೊದಲೇ ಕಲಿತಿರುತ್ತಾರೆ.

"ಥೋವಾ, ಒಲೆ ನೋಡೇ," ಎಂದು ಪಿಸುಗುಟ್ಟಿದಳು.

"ನೋಡಲ್ಲ. ನೀನೂ ನೋಡಬೇಡ. ಕೋಳಿ ತಿನ್ನು."

"ತುದಿ ಮೊದಲು ಹಾಕಿದಾನೆ."

"ಅವರ ಒಲೆ, ಅವರ ಸೌದೆ."

"ಅವರ ಹುಡುಗಿ ಬಸುರಿ ಕಣೇ!"

ಥೋವಾಳ ಬಾಯಿ ಅಗಿಯುವುದನ್ನು ನಿಲ್ಲಿಸಿತು. "ಒಂದೇ ತಾನೆ ಹಾಕಿದ್ದು?"

"ಇಗೋ, ಇನ್ನೊಂದು."

ಯಜಮಾನಿಯೂ ನೋಡಿದ್ದಳು. ಅತಿಥಿಗಳ ಮುಂದೆ ಅಳಿಯನನ್ನು ಗದರುವುದು ಹೇಗೆ? ನಗುವನ್ನು ಮುಖಕ್ಕೆ ಅಂಟಿಸಿಕೊಂಡು ಹೆಂಡ ಬಗ್ಗಿಸುತ್ತಲೇ ಇದ್ದಳು. ಬಟ್ಟಲು ತುಂಬಿ ಚಾಪೆಯ ಮೇಲೆ ಹರಿಯಿತು.

ಖುವೆ ಯೋಚಿಸಿದಳು. ಒಂದು ಕಡೆ ಇಷ್ಟು ವರ್ಷ ಕಾದ ಘಾಟಿ. ಇನ್ನೊಂದು ಕಡೆ ಗುರುತು ಪರಿಚಯವಿಲ್ಲದ, ಇನ್ನೂ ಹುಟ್ಟದ ಒಂದು ಕೂಸು. ಘಾಟಿ ಎಲ್ಲಿಗೂ ಹೋಗುವುದಿಲ್ಲ, ಕೂಸು ಬಂದೇ ಬರುತ್ತದೆ. ತೊಡೆಯ ಕೆಳಗಿಂದ ಕೈ ತೆಗೆದು, ನೆಲಕ್ಕೆ ಊರಿ, ಏಳಲು ನೋಡಿದಳು. ಮಂಡಿ ಹಿಡಿದುಕೊಂಡಿತು.

ಅಷ್ಟರಲ್ಲಿ ಪಕ್ಕದಿಂದ ಏನೋ ಹಾರಿತು. ಥೋವಾ! ಊಟದ ತಟ್ಟೆ ದಾಟುವಾಗ ಮೀನಿನ ರಸದ ಬಟ್ಟಲು ಮಗುಚಿತು. ಅವಳು ಉರಿಯುವ ಸೌದೆಗಳನ್ನು ಒಲೆಯಿಂದ ಎಳೆದೇಬಿಟ್ಟಳು. ಮನೆತುಂಬ ಹೊಗೆ.

"ಬುಡ ಮೊದಲು ಮಾರಾಯ, ಬುಡ!"

"ಯಾವ ಕಡೆಯಿಂದ ಹಾಕಿದ್ರೂ ಉರಿಯತ್ತಲ್ಲ ಅಜ್ಜಿ?" ಎಂದ ಹುಡುಗ, ಕಣ್ಣುಜ್ಜುತ್ತ.

"ಉರಿಯತ್ತಪ್ಪ. ಹೆರೋಳು ನೀನಾ?"

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಜಮಾನಿ ನಿಟ್ಟುಸಿರುಬಿಟ್ಟು, "ನಿಮ್ಮ ಬಾಯಿಗೆ ಸಕ್ಕರೆ ಹಾಕ ಅಕ್ಕ. ಇವನು ಆ ಕಡೆ ತಿರುಗಿದಾಗೆಲ್ಲ ನಾನು ಕದ್ದು ಸೌದೆ ತಿರುಗಿಸಿಡ್ತಿದ್ದೆ," ಎಂದಳು. ಹುಡುಗ ಕಿವಿಯವರೆಗೂ ಕೆಂಪಾಗಿ, ಒಂದು ಸೌದೆ ಎತ್ತಿ, ಬುಡ ಯಾವುದೆಂದು ಥೋವಾಳನ್ನೇ ಕೇಳಿದ. ಅವನಿಗೆ ಹೇಳಿಕೊಡುತ್ತ ಥೋವಾ ಒಲೆಯ ಮುಂದೆಯೇ ಕೂತಳು, ಮೂಗಿನ ಮೇಲೆ ಮಸಿ.

"ಏನೇ, ಒಲೆ ಮುಟ್ಟಿದಂಗಿದೆ," ಎಂದಳು ಖುವೆ. "ಗಾಡಿ ಯಾವ ಕಡೆ ತಿರುಗಿಸ್ತೀಯ?"

"ನಾನು ಷರತ್ತು ಹಾಕಿದ್ದು ನಿನಗೆ. ಸುಮ್ನೆ ಉಣ್ಣು."

ಖುವೆ ಸುಮ್ಮನೆ ಉಂಡಳು. ಮಂಡಿ ಇನ್ನೂ ಹಿಡಿದುಕೊಂಡಿದ್ದರಿಂದ ಬೇರೆ ದಾರಿಯೂ ಇರಲಿಲ್ಲ. ಥೋವಾ ಒಲೆಯ ಕಡೆಯಿಂದ ಬಿಸಿ ಸಾರು ತಂದು ಬಡಿಸಿದಳು. ಖುವೆ ಬಟ್ಟಲು ಚಾಚಿ, "ಇನ್ನೊಂಚೂರು ಹಾಕು," ಎಂದಳು.

ಬೆಳಗ್ಗೆ ಗಾಡಿ ಮಾ ಪಿ ಲೆಂಗ್ ತಿರುವಿನಲ್ಲಿ ನಿಂತಿತು. ಪಾತಾಳದಲ್ಲಿ ಹಸಿರು ದಾರದಂತೆ ನದಿ. ಖುವೆ ಇಳಿದು ಅಂಚಿನವರೆಗೆ ಹೋಗಿ ಬಗ್ಗಿ ನೋಡಿದಳು. ಥೋವಾಳಿಗೆ ತಡೆಯಲಾಗಲಿಲ್ಲ.

"ಹೇಗಿದೆ, ಹೇಳೇ!"

"ಇಷ್ಟು ಗಾಳಿ ಇದೆ ಅಂತ ನಮ್ಮನೇಲಿ ಉಳಿದೋರು ಒಬ್ಬರೂ ಹೇಳಿರಲಿಲ್ಲ ಕಣೆ," ಎಂದಳು ಖುವೆ, ಟೋಪಿ ಒತ್ತಿ ಹಿಡಿದುಕೊಂಡು.