ಕೆನ್ನೆ ಉಬ್ಬದ ಟ್ರಂಪೆಟ್

ಕೆನ್ನೆ ಉಬ್ಬಿಸದೆ ಟ್ರಂಪೆಟ್ ಊದುವವರನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಸದಲಗಾದಲ್ಲಿ, ನನ್ನ ತಂಗಿಯ ಮಗಳ ಮದುವೆಯಲ್ಲಿ.

ನಿಪ್ಪಾಣಿ ಕಡೆಯ ಸೋಲ್ ಬ್ಯಾಂಡ್ ಬಂದಿತ್ತು. (ಸೋಲ್ ಅಂದರೇನು ಎಂದು ಬ್ಯಾಂಡಿನವರನ್ನು ಕೇಳಿದ್ದಕ್ಕೆ, ಅದು ಅಮೆರಿಕದ ಸಂಗೀತ, ಕರುಳಿನಿಂದ ಹಾಡುವುದು ಎಂದರು. ನಾವೇನು ಇಷ್ಟು ದಿನ ಮೂಗಿನಿಂದ ಹಾಡುತ್ತಿದ್ದೆವೇ?) ಟೆಂಪೊ ಮೇಲೆ ಸ್ಪೀಕರ್, ಕೀಬೋರ್ಡ್, ಗಿಟಾರ್, ಡ್ರಮ್. ಕನ್ನಡದ ಒಂದು ಹಾಡು, ಮರಾಠಿಯ ಒಂದು. ಬೀಗರ ಕಡೆಯ ಅಜ್ಜಂದಿರೂ ರುಮಾಲು ಬಿಚ್ಚಿ ಕುಣಿಯುತ್ತಿದ್ದರು. ಮುಂದೆ ಜರಿ ಕೋಟು ತೊಟ್ಟು ಟ್ರಂಪೆಟ್ ಹಿಡಿದವರು ಬಾಪು ಕಾಕಾ. ಬ್ಯಾಂಡ್ ಕಟ್ಟಿದವರೇ ಅವರು.

ಸ್ವರ ಮುಗಿಲು ಮುಟ್ಟುತ್ತಿತ್ತು. ಕೆನ್ನೆ ಮಾತ್ರ ಅಲುಗಲಿಲ್ಲ.

ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಹಾಲಿನವನ ಎದುರಿಗೇ ಹಾಲಿಗೆ ಬೆರಳು ಅದ್ದಿ ನೋಡುವವನು. ಇದು ಮೊದಲೇ ರೆಕಾರ್ಡ್ ಮಾಡಿಟ್ಟ ಪೆನ್‌ಡ್ರೈವ್ ಆಟವೇ ಎಂದು ಖಾತ್ರಿಯಾಯಿತು. ಮೆಲ್ಲಗೆ ಟೆಂಪೊ ಪಕ್ಕಕ್ಕೆ ಸರಿದು ಜನರೇಟರಿನ ಪ್ಲಗ್ ಕಿತ್ತುಬಿಟ್ಟೆ.

ಕೀಬೋರ್ಡ್ ನಿಂತಿತು. ಗಿಟಾರ್ ನಿಂತಿತು. ಟ್ರಂಪೆಟ್ ನಿಲ್ಲಲಿಲ್ಲ. ಆದರೆ ಸ್ವರ ಬರುತ್ತಿದ್ದದ್ದು ಸ್ಪೀಕರಿನ ಹಿಂದಿನಿಂದ. ಇಣುಕಿದೆ. ತಲೆ ಮೇಲೆ ಸೆರಗು ಹೊದ್ದ ಹೆಣ್ಣುಮಗಳೊಬ್ಬಳು ಕಣ್ಣು ಮುಚ್ಚಿಕೊಂಡು ಊದುತ್ತಿದ್ದಳು. ಕಾಕಾರ ಸೊಸೆ.

ಕಾಕಾ ಓಡಿಬಂದರು. ಹಲ್ಲು ಹೋದ ಮೇಲೆ ತಮಗೆ ಊದಲು ಆಗುತ್ತಿಲ್ಲ, ಸೊಸೆಗೆ ಕಲಿಸಿದ್ದು ತಾವೇ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಹಾಗಾದರೆ ಅವಳನ್ನೇ ಮುಂದೆ ನಿಲ್ಲಿಸಬಾರದೇ ಎಂದೆ. ಮಾವನನ್ನು ಹಿಂದೆ ಬಿಟ್ಟು ಸೊಸೆ ಮುಂದೆ ನಿಲ್ಲುವುದು ಹೇಗೆ ಎಂದು ಅವಳೇ ನನ್ನನ್ನು ಕೇಳಿದಳು.

“ಯಾರಿಗೂ ಹೇಳಬ್ಯಾಡ್ರಿ ಸಾಹೇಬ್ರ” ಎಂದು ಕಾಕಾ ನನ್ನ ಕೈ ಹಿಡಿದರು. “ಗೊತ್ತಾದ್ರ ಮಂದಿ ನಮ್ಮನ್ನ ಕರಿಯೂದ ಬಿಡ್ತಾರ. ಬ್ಯಾಂಡ್ ಮುರೀತೈತಿ.”

ನಾಚಿಕೆಯಿಂದ ಸತ್ತಂತಾಯಿತು. ಪ್ಲಗ್ ಮತ್ತೆ ಸಿಕ್ಕಿಸಿದೆ.

“ಆಕೀನ್ನ ಮುಂದ ನಿಲ್ಲಸ್ರಿ ಕಾಕಾ. ಚಲೋ ಊದತಾಳ” ಎಂದಷ್ಟೇ ಹೇಳಿ ಬಂದೆ.

ಮೊನ್ನೆ ಶೇಡಬಾಳದ ಮದುವೆಯಲ್ಲಿ ಅದೇ ಬ್ಯಾಂಡ್. ಮುಂದೆ ಸೊಸೆ! ಕಾಕಾ ಟೆಂಪೊ ಹಿಂದೆ ಕೂತು ತೊಡೆ ತಟ್ಟಿ ತಾಳ ಹಾಕುತ್ತಿದ್ದರು. (ಗುಟ್ಟು ಇನ್ನು ಗುಟ್ಟಲ್ಲ, ಅದಕ್ಕೇ ಬರೆಯುತ್ತಿದ್ದೇನೆ.) ಅವಳ ಕೆನ್ನೆ ಉಬ್ಬಿದ್ದನ್ನು ಎರಡೆರಡು ಸಲ ನೋಡಿ ಸಮಾಧಾನ ಮಾಡಿಕೊಂಡೆ.

ಅಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯರು ನನ್ನ ಕಿವಿಯ ಹತ್ತಿರ ಬಾಗಿದರು. “ಹೆಣ್ಮಗಳು ಇಷ್ಟ ಊದೂದು ಖರೇ ಅನಸ್ತೈತೇನ್ರಿ? ಪೆನ್‌ಡ್ರೈವ್ ಹಾಕಿರಬೇಕು.”

ಪ್ಲಗ್ ಎಲ್ಲಿದೆ ಎಂದು ಅವರಿಗೆ ತೋರಿಸಲೇ?