ಹುಳು ಮನೆಯಲ್ಲಿ ನಮ್ಮ ಆಫೀಸು

ನಾನು ಡಾಕ್ಟರುಗಳ ಮಾತನ್ನು ಟೈಪ್ ಮಾಡುವವಳು. ಬೇರೆ ಬೇರೆ ಊರುಗಳ ಆಸ್ಪತ್ರೆಗಳಲ್ಲಿ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ, ಏನು ಕಂಡಿತು, ಏನು ಮಾಡಿದೆ ಎಂಬುದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಅದು ಹೆಡ್‌ಫೋನಿನಲ್ಲಿ ನನ್ನ ಕಿವಿಗೆ ಬರುತ್ತದೆ, ನಾನು ಅಕ್ಷರಕ್ಕಿಳಿಸುತ್ತೇನೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಅದರಲ್ಲಿ ಹೆಚ್ಚಿನ ವರ್ಷ ಕನಕಪುರದಿಂದ ಬೆಂಗಳೂರಿಗೆ ದಿನಾ ಹೋಗಿ ಬಂದು ಮಾಡಿದೆ.

ಬೆಳಿಗ್ಗೆ ಐದು ಮುಕ್ಕಾಲರ ಬಸ್ಸು. ಅದು ತಪ್ಪಿದರೆ ಮುಂದಿನ ಬಸ್ಸು ಸಿಗುತ್ತಿತ್ತು, ಸೀಟು ಸಿಗುತ್ತಿರಲಿಲ್ಲ. ಬನಶಂಕರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಆಫೀಸು ಸೇರುವ ಹೊತ್ತಿಗೆ ಒಂದು ದಿನದ ಕೆಲಸ ಮುಗಿಸಿದವಳ ಹಾಗೆ ಆಗಿರುತ್ತಿದ್ದೆ. ಆಮೇಲೆ ಎಂಟು ಗಂಟೆ ಹೊತ್ತು ಕಿವಿಯಲ್ಲಿ ಡಾಕ್ಟರುಗಳು.

ಕೊರೊನಾ ಕಾಲದಲ್ಲಿ ಮನೆಯಿಂದ ಮಾಡಿದ್ದೂ ಆಯಿತು. ಅದು ಎಲ್ಲರೂ ಅಂದುಕೊಂಡಷ್ಟು ಸುಖವಾಗಿರಲಿಲ್ಲ. ನಮ್ಮದು ಎರಡೇ ಕೋಣೆಯ ಮನೆ. ಅತ್ತೆಯ ಧಾರಾವಾಹಿ, ಕುಕ್ಕರಿನ ಸೀಟಿ, ‘ಮನೇಲೇ ಇದ್ದೀಯಲ್ಲ, ಒಸಿ ಬಾ’ ಎನ್ನುವ ನೆಂಟರು. ಅಡಿಗೆಮನೆಯ ಬಾಗಿಲು ಹಾಕಿಕೊಂಡು, ಸಿಲಿಂಡರಿನ ಪಕ್ಕ ಕೂತು ಹೃದಯದ ಆಪರೇಷನ್ನುಗಳನ್ನು ಟೈಪ್ ಮಾಡಿದ್ದೇನೆ.

ವಾಪಸ್ಸು ಕರೆಸಿಕೊಂಡಾಗ ಆಫೀಸನ್ನು ಪೂರ್ತಿ ಹೊಸದಾಗಿ ಮಾಡಿಸಿದ್ದರು. ಯಾರಿಗೂ ಸ್ವಂತ ಮೇಜಿಲ್ಲ, ಖಾಲಿ ಇದ್ದ ಕಡೆ ಕೂರಬಹುದು ಎಂದರು. ಬಣ್ಣದ ಗೋಡೆ, ಕುಂಡಗಳಲ್ಲಿ ಗಿಡ, ಟೇಬಲ್ ಟೆನ್ನಿಸ್ ಆಡಲು ಒಂದು ಮೂಲೆ. ನೋಡಲು ಚೆನ್ನಾಗಿತ್ತು, ಇಲ್ಲ ಅನ್ನಬಾರದು. ಆದರೆ ಕಿಟಕಿಯ ಪಕ್ಕದ ಜಾಗಗಳು ಹತ್ತಿರದಿಂದ ಬರುವವರಿಗೆ ಹೋಗುತ್ತಿದ್ದವು. ದೂರದಿಂದ ಬರುವ ನಮಗೆ ಉಳಿಯುತ್ತಿದ್ದದ್ದು ಏಸಿಯ ನೇರ ಕೆಳಗಿನ ಸಾಲು. ಆ ಕುರ್ಚಿಗಳಲ್ಲಿ ಕೂತರೆ ನನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಚನ್ನಪಟ್ಟಣದಿಂದ ರೈಲಿನಲ್ಲಿ ಬರುತ್ತಿದ್ದ ಗೆಳತಿ ಇದನ್ನು ಗಮನಿಸಿ, ಬೊಂಬೆ ಮಾಡುವ ತನ್ನ ಮಾವನ ಕೈಲಿ ಒಂದು ಕಾಲುಮಣೆ ಮಾಡಿಸಿ ತಂದುಕೊಟ್ಟಳು. ಕೆಂಪು ಅರಗಿನದು, ಮಕ್ಕಳ ಆಟಿಕೆಯ ಹಾಗೆ ಹೊಳೆಯುತ್ತಿತ್ತು. ದಿನಾ ಅದನ್ನು ಲಾಕರಿನಿಂದ ತೆಗೆದು, ಆವತ್ತಿನ ಮೇಜು ಹುಡುಕಿಕೊಂಡು ಹೋಗುತ್ತಿದ್ದೆ.

ನೌಕರರ ಆರೋಗ್ಯಕ್ಕೆಂದು ಸಂಜೆ ಆರು ಗಂಟೆಗೆ ಉಸಿರಾಟದ ತರಗತಿಯನ್ನೂ ಇಟ್ಟಿದ್ದರು. ಆರಕ್ಕೆ ನಾವು ಬಸ್ಸಿಗೆ ಓಡುತ್ತಿದ್ದೆವು.

ಒಂದು ಮಧ್ಯಾಹ್ನ ನನ್ನಿಂದ ತಪ್ಪಾಯಿತು. ಡಾಕ್ಟರು ಎಡ ಮಂಡಿ ಎಂದಿದ್ದರು, ನಾನು ಬಲ ಮಂಡಿ ಎಂದು ಬರೆದಿದ್ದೆ. ನಮ್ಮ ಮೇಲೆ ಇನ್ನೊಬ್ಬರು ಕೇಳಿ ತಿದ್ದುವವರಿರುತ್ತಾರೆ. ಅವರು ಹಿಡಿದರು, ಕಾಗದ ಆಸ್ಪತ್ರೆಗೆ ಹೋಗಲಿಲ್ಲ. ಹೋಗಿದ್ದರೆ ಎಂದು ನೆನೆದು ಆ ರೆಕಾರ್ಡಿಂಗನ್ನು ಇನ್ನೆರಡು ಸಲ ಕೇಳಿದೆ. ಮ್ಯಾನೇಜರು ಕರೆದರು.

ಅವರು ಮಾಗಡಿ ಕಡೆಯವರು, ಸಾವನದುರ್ಗದ ಬುಡದ ಒಂದು ಹಳ್ಳಿಯವರು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಬೈಸಿಕೊಳ್ಳಲು ಸಿದ್ಧಳಾಗಿ ಒಳಗೆ ಹೋದೆ.

“ಕೂತ್ಕೊಳ್ಳಿ. ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಮ್ಮ?” ಎಂದು ಕೇಳಿದರು.

“ನಾಲ್ಕೂವರೆಗೆ ಸಾರ್.”

“ಮನೆ ಸೇರೋದು?”

“ಎಂಟೂವರೆ ಆಗುತ್ತೆ. ಮಳೆ ಬಂದ್ರೆ ಹೇಳಕ್ಕಾಗಲ್ಲ.”

ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. “ಸರಿ, ಹೋಗಿ ಟೀ ಕುಡೀರಿ” ಎಂದರು. ಅಷ್ಟೇ. ಕೆಲಸ ಹೋಯಿತೆಂದೇ ನಾನು ತಿಳಿದೆ.

ಮುಂದಿನ ಬುಧವಾರ ಐದೂವರೆಗೆ ಕನಕಪುರದ ಬಸ್ ಸ್ಟ್ಯಾಂಡಿಗೆ ಹೋದರೆ ಅವರು ಅಲ್ಲಿ ನಿಂತಿದ್ದರು. ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಉಳಿದಿದ್ದರಂತೆ. “ನಿಮ್ಮ ಬಸ್ಸಲ್ಲಿ ಒಂದಿನ ಬರೋಣ ಅಂತ” ಎಂದರು. ಆವತ್ತು ಕಂಡಾಪಟ್ಟೆ ಜನ. ನಾನು ನನ್ನ ಸೀಟು ಬಿಟ್ಟುಕೊಡಲು ಹೋದರೆ ಒಪ್ಪಲಿಲ್ಲ, ಬನಶಂಕರಿಯವರೆಗೂ ಕಂಬಿ ಹಿಡಿದು ನಿಂತೇ ಬಂದರು. ಆಫೀಸಿನಲ್ಲೂ ತಮ್ಮ ಕೋಣೆಗೆ ಹೋಗದೆ ಏಸಿಯ ಕೆಳಗೆ, ನನ್ನ ಪಕ್ಕದಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡರು. ಮೂರು ಗಂಟೆಗೆ ಅದನ್ನು ತೆಗೆದಿಟ್ಟು ಕತ್ತು ಉಜ್ಜಿಕೊಂಡರು.

“ಈ ಹೊತ್ತಲ್ಲಿ ನನ್ನ ಕೇಳಿದ್ರೆ ನಂಗೂ ಎಡ ಯಾವುದು ಬಲ ಯಾವುದು ಗೊತ್ತಾಗಲ್ಲ” ಎಂದರು.

ಕೆಲಸ ಕಲಿಸಿದವರು, ಪ್ರಶಸ್ತಿ ಕೊಟ್ಟವರು ಬೇರೆ ಇದ್ದಾರೆ. ನನ್ನ ಒಂದು ದಿನವನ್ನು ತಾವು ಬಾಳಿ ನೋಡಿದ ಮೇಲಧಿಕಾರಿ ಇವರೊಬ್ಬರೇ.

ಆಮೇಲೆ ಆರು ತಿಂಗಳು ಅವರು ಮೇಲಿನವರೊಂದಿಗೆ ಏನೇನು ವಾದ ಮಾಡಿದರೋ ನಮಗೆ ಗೊತ್ತಿಲ್ಲ. ಒಂದು ದಿನ ಈ ಕಡೆಯಿಂದ ಬರುವ ಒಂಬತ್ತು ಜನರನ್ನೂ ಕೂರಿಸಿಕೊಂಡರು. ರಾಮನಗರದವರು, ಚನ್ನಪಟ್ಟಣದವರು, ಕನಕಪುರದವರು. ಮನೆಯೂ ಅಲ್ಲದ, ಬೆಂಗಳೂರೂ ಅಲ್ಲದ ಒಂದು ಜಾಗ ಹುಡುಕಿದ್ದೇನೆ ಎಂದರು. ಬೇಕಾದವರು ಅಲ್ಲಿಂದ ಕೆಲಸ ಮಾಡಬಹುದು, ಮನೆಯಿಂದ ಮಾಡುತ್ತೇನೆ ಎನ್ನುವವರು ವಾರಕ್ಕೆರಡು ದಿನ ಮನೆಯಿಂದ ಮಾಡಬಹುದು, ಬೆಂಗಳೂರೇ ಇಷ್ಟವೆನ್ನುವವರು ಅಲ್ಲಿಗೇ ಬರಬಹುದು.

ಆ ಜಾಗ ಕನಕಪುರದಿಂದ ಸಾತನೂರಿಗೆ ಹೋಗುವ ರಸ್ತೆಯ ಪಕ್ಕದ ಒಂದು ಹಳ್ಳಿಯಲ್ಲಿತ್ತು. ರೇಷ್ಮೆ ಹುಳು ಸಾಕಲೆಂದು ಕಟ್ಟಿದ ಉದ್ದನೆಯ ಮನೆ. ಎತ್ತರದ ಚಾವಣಿ, ಗೋಡೆಯ ಬುಡದಲ್ಲಿ ಗಾಳಿಕಿಂಡಿ, ಮೇಲೆ ಜಾಲರಿ ಹಾಕಿದ ಕಿಟಕಿಗಳು. ಅದರ ಒಡತಿಗೆ ಅರವತ್ತೈದರ ಮೇಲೆ ವಯಸ್ಸು. ಒಬ್ಬಳಿಂದ ಆಗುವುದಿಲ್ಲ ಎಂದು ಹುಳು ಸಾಕುವುದನ್ನು ನಿಲ್ಲಿಸಿ, ಹಿಪ್ಪುನೇರಳೆ ತೋಟವನ್ನು ಮೈದುನನ ಮಗನಿಗೆ ನೋಡಿಕೊಳ್ಳಲು ಬಿಟ್ಟಿದ್ದರು. ನಾವೆಲ್ಲ ಅವರನ್ನು ದೊಡ್ಡಮ್ಮ ಎಂದೆವು.

ಸುಣ್ಣ ಬಳಿಸಿ, ಇಂಟರ್ನೆಟ್ಟು ಎಳೆಸಿ, ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿ ಇಟ್ಟು ತಯಾರು ಮಾಡಿದರು. ಮೇಜು ಕುರ್ಚಿ ತರಿಸುವ ಮೊದಲು ಮ್ಯಾನೇಜರು ಒಬ್ಬೊಬ್ಬರನ್ನೂ ಸ್ಟೂಲಿನ ಮೇಲೆ ಕೂರಿಸಿ ಟೇಪು ಹಿಡಿದು ಅಳತೆ ತೆಗೆದುಕೊಂಡರು. ಮೊದಲ ದಿನ ನಾವು ಚಪ್ಪಲಿ ಹಾಕಿಕೊಂಡೇ ಒಳಗೆ ನಡೆದೆವು. ದೊಡ್ಡಮ್ಮ ಬಾಗಿಲಲ್ಲಿ ತಡೆದರು.

“ಕಾಲು ತೊಳ್ಕಂಡು ಒಳಿಕ್ಕೆ ಬನ್ನಿ. ಇದು ಹುಳ ಸಾಕಿದ ಮನೆ ಕಣವ್ವ, ಹಂಗೆಲ್ಲ ನುಗ್ಗಂಗಿಲ್ಲ.”

ಮಣ್ಣು, ಹೊಗೆ, ವಾಸನೆ, ಗದ್ದಲ ಯಾವುದನ್ನೂ ಹುಳು ತಡೆಯುವುದಿಲ್ಲವಂತೆ. ಮೂವತ್ತು ವರ್ಷ ಅದಕ್ಕೆ ಹೊಂದಿಕೊಂಡ ಆಕೆ ನಮಗಾಗಿ ಅಭ್ಯಾಸ ಬದಲಿಸಲಿಲ್ಲ. ಊದುಬತ್ತಿ ಹಚ್ಚಲು ಬಿಡಲಿಲ್ಲ. ಬೆಳಿಗ್ಗೆ ಕೆಳಗಿನ ಕಿಂಡಿ ತೆಗೆಯುತ್ತಿದ್ದರು, ಬಿಸಿಲೇರಿದಾಗ ಮುಚ್ಚುತ್ತಿದ್ದರು, ಏಪ್ರಿಲಿನಲ್ಲಿ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟುತ್ತಿದ್ದರು. ಅಲ್ಲಿ ಏಸಿ ಬೇಕೆಂದು ನಾವ್ಯಾರೂ ಕೇಳಲಿಲ್ಲ.

ಮೊದಲ ವಾರವೆಲ್ಲ ದೊಡ್ಡಮ್ಮ ನಮ್ಮನ್ನು ಸುಮ್ಮನೆ ನೋಡಿದರು. ಎಂಟನೇ ದಿನ ಹನ್ನೊಂದು ಗಂಟೆಗೆ ಮಜ್ಜಿಗೆಯ ಚೊಂಬು ಹಿಡಿದು ಬಂದರು. ನಾನು ಕೂತಲ್ಲೇ ಲೋಟ ಚಾಚಿದೆ.

“ಇಲ್ಲಿ ಕೊಡಕ್ಕಿಲ್ಲ, ಜಗಲಿಗೆ ಬಾ” ಎಂದರು.

“ಕೆಲಸ ಐತೆ ದೊಡ್ಡಮ್ಮ.”

“ಹುಳ ನಾಕು ಸಲ ಜ್ವರಕ್ಕೆ ಕೂರ್ತವೆ. ಪೊರೆ ಬುಡೋ ಹೊತ್ತು ಅದು. ಆವಾಗ ಸೊಪ್ಪು ಹಾಕಕ್ಕಿಲ್ಲ, ಮುಟ್ಟಕ್ಕಿಲ್ಲ, ಸುಮ್ಕೆ ಬುಟ್ಬುಡ್ತೀವಿ. ಇಡೀ ದಿನ ತಿಂತಾನೇ ಇರೋ ಹುಳಕ್ಕೇ ಅಷ್ಟು ಬುಡುವು ಐತೆ. ಏಳು.”

ಎದ್ದೆವು. ದಿನಕ್ಕೆ ಎರಡು ಸಲ ಜಗಲಿಯಲ್ಲಿ ಕಾಲು ಗಂಟೆ ಕೂರುವುದು ಹಾಗೆ ಶುರುವಾಯಿತು. ಮೊದಮೊದಲು ನಾನು ಗಡಿಯಾರ ನೋಡುತ್ತಿದ್ದೆ. ಆಮೇಲೆ ನನ್ನ ಕತ್ತಿನ ನೋವು ಯಾವ ತಿಂಗಳು ಹೋಯಿತೆಂಬುದೇ ತಿಳಿಯಲಿಲ್ಲ.

ರಾಮನಗರದಿಂದ ಬೈಕಿನಲ್ಲಿ ಬರುತ್ತಿದ್ದ ಸಹೋದ್ಯೋಗಿಯೊಬ್ಬ ನಮ್ಮಲ್ಲೆಲ್ಲ ಚುರುಕು. ಅವನ ಬೆರಳು ನಿಂತದ್ದನ್ನು ನಾನು ನೋಡಿರಲಿಲ್ಲ. ಒಂದು ಮಧ್ಯಾಹ್ನ ಅವನು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು ಗೋಡೆ ನೋಡುತ್ತಾ ಕೂತ. ಏನೆಂದು ಕೇಳಿದೆ. ಏಳು ವರ್ಷದ ಒಂದು ಮಗುವನ್ನು ಉಳಿಸಿಕೊಳ್ಳಲು ಆಗದೆ ಹೋದ ಡಾಕ್ಟರೊಬ್ಬರ ರೆಕಾರ್ಡಿಂಗ್ ಅದು. ಇವನ ಮಗಳಿಗೂ ಏಳು.

“ನಂಗಾಯ್ತಿಲ್ಲ ಅಕ್ಕ” ಎಂದ.

ಬೆಂಗಳೂರಿನಲ್ಲಾಗಿದ್ದರೆ ಅವನು ಟಾಯ್ಲೆಟ್ಟಿಗೆ ಹೋಗಿ ಮುಖ ತೊಳೆದು ಬಂದು ಮತ್ತೆ ಟೈಪ್ ಮಾಡುತ್ತಿದ್ದ. ನಾವೆಲ್ಲ ಮಾಡುತ್ತಿದ್ದದ್ದು ಅದನ್ನೇ. ಇಲ್ಲಿ ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ಇಂಗ್ಲಿಷ್ ಒಂದಕ್ಷರ ಬಾರದು, ನಮ್ಮ ಕೆಲಸವೇನೆಂದು ಸರಿಯಾಗಿ ಗೊತ್ತಿಲ್ಲ. ಅವನ ಮುಖ ನೋಡಿದರು. ಏನಾಯಿತೆಂದು ಕೇಳಲೂ ಇಲ್ಲ.

“ಬಾರಪ್ಪ, ಹಸೀಗೆ ಒಸಿ ಹುಲ್ಲು ಕುಯ್ಕಬರಾನ. ನಂಗೊಬ್ಬಳಿಗೆ ಹೊರಕ್ಕಾಗಕ್ಕಿಲ್ಲ” ಎಂದರು.

ಅವನು ಎದ್ದು ಅವರ ಹಿಂದೆ ಹೋದ. ಅವನ ಕುರ್ಚಿಯಲ್ಲಿ ಕೂತು ಉಳಿದದ್ದನ್ನು ನಾನು ಮುಗಿಸಿದೆ. ರೆಕಾರ್ಡಿಂಗಿನ ಕೊನೆಯ ಕಡೆ ಡಾಕ್ಟರ ಮಾತು ನಿಂತುಹೋಗುತ್ತದೆ. ಸ್ವಲ್ಪ ಹೊತ್ತು ಉಸಿರಿನ ಸದ್ದು ಮಾತ್ರ. ಹೇಳಿದ ಮಾತನ್ನು ಮಾತ್ರ ಬರೆಯಬೇಕು ಎನ್ನುವುದು ನಮ್ಮ ನಿಯಮ. ಆ ಜಾಗದಲ್ಲಿ ನಾನು ಏನನ್ನೂ ಬರೆಯಲಿಲ್ಲ.

ಕಿಟಕಿಯಿಂದ ನೋಡಿದರೆ ಅವರಿಬ್ಬರೂ ತೋಟದ ಬದುವಿನಲ್ಲಿ ಬಗ್ಗಿ ಹುಲ್ಲು ಕೊಯ್ಯುತ್ತಿದ್ದರು. ಒಂದು ಗಂಟೆಯ ಮೇಲೆ ಅವನು ಹೊರೆ ಹೊತ್ತು ಬಂದ. ಅಂಗಿಯೆಲ್ಲ ಹುಲ್ಲಿನ ಕಲೆ. ಕೈ ತೊಳೆದು ಮೊದಲು ಮನೆಗೆ ಫೋನ್ ಮಾಡಿ ಮಗಳ ಹತ್ತಿರ ಮಾತಾಡಿದ. ಆಮೇಲೆ ಮ್ಯಾನೇಜರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ತಾನೇ ಹೇಳಿದ. ಹೇಳುವುದಕ್ಕೆ ಬೇಕಾದ ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ.

ಮಾರನೆಯ ದಿನ ಮ್ಯಾನೇಜರು ಬಂದರು. ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ, “ಹಿಂಗೆ ನಿಮಗೂ ಆಗಿದೆಯಾ?” ಎಂದು ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರಿಗೂ ಆಗಿತ್ತು. ಚನ್ನಪಟ್ಟಣದ ಗೆಳತಿ ಹೆರಿಗೆಯ ಕೋಣೆಯ ಒಂದು ರೆಕಾರ್ಡಿಂಗನ್ನು ನೆನೆದಳು. ನಾನು ಸುಟ್ಟ ಗಾಯದ ಒಬ್ಬ ಹೆಂಗಸಿನ ವಿಷಯ ಹೇಳಿದೆ. ಆರು ವರ್ಷದ ಹಿಂದಿನದು, ನನ್ನ ಗಂಡನಿಗೂ ಹೇಳಿರಲಿಲ್ಲ. ಅಕ್ಕಪಕ್ಕ ಕೂತು ಇಷ್ಟು ವರ್ಷ ಕೆಲಸ ಮಾಡಿಯೂ ನಮ್ಮಲ್ಲಿ ಒಬ್ಬರ ವಿಷಯ ಒಬ್ಬರಿಗೆ ಗೊತ್ತಿರಲಿಲ್ಲ.

ಮ್ಯಾನೇಜರು ಜೇಬಿನಿಂದ ಚೀಟಿ ತೆಗೆದು ಎಲ್ಲರ ಮಾತನ್ನೂ ಬರೆದುಕೊಂಡರು. “ಇದು ನಂಗೆ ಹೊಳೀಲೇ ಇಲ್ಲ. ಕುರ್ಚಿ ಅಳತೆ ತಗೊಂಡೆ, ಇದನ್ನ ಕೇಳಲಿಲ್ಲ” ಎಂದರು.

ಆವತ್ತಿನಿಂದ ನಮ್ಮ ಕೋಣೆಯಲ್ಲಿ ಹೊಸ ಕ್ರಮ ಬಂತು. ಅಂತಹ ರೆಕಾರ್ಡಿಂಗ್ ಬಂದರೆ ಎದ್ದು ಹೋಗಬಹುದು, ಯಾರನ್ನೂ ಕೇಳಬೇಕಿಲ್ಲ. ಆ ಹೊತ್ತನ್ನು ಕೆಲಸದ ಹೊತ್ತೆಂದೇ ಹಿಡಿಯಬೇಕು. ಅದರ ಮುಂದಿನದು ಹಗುರವಾದದ್ದಾಗಿರಬೇಕು, ಕಣ್ಣಿನ ಪರೀಕ್ಷೆ, ಹಲ್ಲು, ಅಂಥದ್ದು. ಬೆಂಗಳೂರಿನವರು ಇದನ್ನು ಒಪ್ಪಲು ತಿಂಗಳುಗಟ್ಟಲೆ ತೆಗೆದುಕೊಂಡರು. ಒಪ್ಪಿದ ಮೇಲೆ ಎಲ್ಲ ಕಡೆಯ ನೌಕರರಿಗೂ ಅದೇ ಕ್ರಮ ಮಾಡಿದರು. ಬೆಂಗಳೂರಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಈ ಕ್ರಮ ಎಲ್ಲಿಂದ ಬಂತೆಂದು ಮೊನ್ನೆ ಹೇಳಿದರೆ, ನಂಬದೆ ನಕ್ಕಳು.

ಎಲ್ಲರಿಗೂ ಈ ಜಾಗ ಹಿಡಿಸಿತೆಂದು ಹೇಳಲಾರೆ. ಇಬ್ಬರು ವಾಪಸ್ಸು ಹೋದರು. ಅವರಲ್ಲೊಬ್ಬಳು, “ಮನೆ ಬಿಟ್ಟು ದಿನಾ ಅಷ್ಟು ದೂರ ಹೋಗೋದೇ ನಂಗೆ ನೆಮ್ಮದಿ ಅಕ್ಕ” ಎಂದಳು. ಅವಳ ಮನೆ ಬಲ್ಲ ನನಗೆ ಅದು ಅರ್ಥವಾಯಿತು. ಮಳೆಗಾಲದಲ್ಲಿ ಇಲ್ಲಿ ಇಂಟರ್ನೆಟ್ಟು ಸತಾಯಿಸುವುದೂ ಉಂಟು. ಆದರೂ ನನ್ನ ಮಟ್ಟಿಗೆ ಈ ಎರಡು ವರ್ಷದಲ್ಲಿ ಎಷ್ಟೋ ಬದಲಾಗಿದೆ. ನಲವತ್ತಾರನೇ ವಯಸ್ಸಿಗೆ ಸ್ಕೂಟರು ಕಲಿತೆ. ಎರಡು ಸಲ ಬಿದ್ದೆ. ಈಗ ಕನಕಪುರದಿಂದ ಹೊಲಗಳ ಮಧ್ಯೆ ಅದರಲ್ಲೇ ಹೋಗುತ್ತೇನೆ, ಬೆಳಕಿರುವಾಗಲೇ ಮನೆ ಸೇರುತ್ತೇನೆ.

ಮುಂದಿನ ವರ್ಷ ಮ್ಯಾನೇಜರು ನಿವೃತ್ತರಾಗುತ್ತಾರೆ. ಹೋದ ತಿಂಗಳು ನನ್ನನ್ನು ಕರೆದು, ಈ ಕೋಣೆಯ ಜವಾಬ್ದಾರಿಯನ್ನು ನೀವು ವಹಿಸಿಕೊಳ್ಳಿ ಎಂದರು. ಯೋಚಿಸಲು ಒಂದು ವಾರ ಕೇಳಿದೆ. ಮನೆಯಲ್ಲಿ ಹೇಳಿದೆ, ಗೆಳತಿಗೆ ಹೇಳಿದೆ. ಮೂರನೇ ದಿನಕ್ಕೇ ಫೋನ್ ಮಾಡಿ ಒಪ್ಪಿಕೊಂಡೆ.

“ಹೆದರಿಕೆ ಆಗ್ತೈತೆ ಸಾರ್” ಎಂದೆ.

“ಆಗಲಿ ಬುಡಿ. ಹೆದರಿಕೆ ಇರೋರು ನಾಕು ಜನರನ್ನ ಕೇಳಿ ಮಾಡ್ತಾರೆ” ಎಂದರು. ಆಮೇಲೆ, ಗುರುವಾರ ಬೇಗ ಬರುತ್ತೇನೆ, ಆವತ್ತು ಇಲ್ಲಿಗೆ ಹೊಸದಾಗಿ ಸೇರಲು ಇಬ್ಬರು ಬರುತ್ತಾರೆ, ಅವರನ್ನು ನೀವೇ ಮಾತಾಡಿಸಿ, ನಾನು ಹೊರಗೆ ಕೂತಿರುತ್ತೇನೆ ಎಂದು ಹೇಳಿ ಫೋನಿಟ್ಟರು.