ಡಬ್ಬಿಯ ಮುಚ್ಚಳ

ಐವತ್ತರ ದಶಕ ಮುಗಿಯುತ್ತಿದ್ದಾಗ ನಾವು ದಾದರದ ಚಾಳಿನ ಎರಡು ಖೋಲಿ ಬಿಟ್ಟು ಘಾಟ್ಕೋಪರಿಗೆ ಹೋದೆವು. ಅಲ್ಲಿಯ ಹೌಸಿಂಗ್ ಸೊಸೈಟಿಯಲ್ಲಿ ಅಣ್ಣನಿಗೆ ಬ್ಲಾಕ್, ಅಂದರೆ ಫ್ಲ್ಯಾಟು, ಸಿಕ್ಕಿತ್ತು. ಹೊಸ ಮನೆಗೆ ಹಳೆಯ ಸಾಮಾನು ಬರಕೂಡದೆಂದು ಅವನ ಹಟ. ಒರಳು ನೆರೆಯವರ ಪಾಲಾಯಿತು, ಅಪ್ಪನ ಆರಾಮಕುರ್ಚಿ ಗುಜರಿಗೆ ಹೋಯಿತು. ಉಳಿದದ್ದು ಅವ್ವನ ಗಂಟು.

ನಮ್ಮ ಧಾರವಾಡದ ಕಡೆ ಹಳೆಯ ಬಟ್ಟೆ ಎಸೆಯುವುದಿಲ್ಲ. ತುಂಡು ತುಂಡು ಜೋಡಿಸಿ ಕೌದಿ ಹೊಲಿದು ಹೊದೆಯುತ್ತೇವೆ. ಆ ಗಂಟಿನಲ್ಲಿ ತೀರಿಹೋದ ಅಪ್ಪನ ಧೋತರಗಳಿದ್ದವು. ವಿಷಮಜ್ವರದಲ್ಲಿ ಹೋದ ನನ್ನ ತಂಗಿಯ ಪರಕರಗಳೂ ಇದ್ದವು. ಇಬ್ಬರನ್ನೂ ಒಂದೇ ಕೌದಿಯಲ್ಲಿ ಸೇರಿಸಬೇಕೆಂಬುದು ಅವ್ವನ ಆಸೆ. ಚಾಳಿನಲ್ಲಿ ಅದನ್ನು ಹರವಿ ಹೊಲಿಯಲು ಜಾಗವಿರಲಿಲ್ಲ. ಘಾಟ್ಕೋಪರಿನ ಹಾಲ್ ದೊಡ್ಡದೆಂದು ಕೇಳಿದಾಗ ಅವಳು ಖುಷಿಪಟ್ಟದ್ದು ಅದಕ್ಕಾಗಿಯೇ.

"ಅಲ್ಲೆ ಎಲ್ಲಾರಿಗೂ ಗಾದಿ ಬರ್ತಾವ. ಕೌದಿ ಹೊದ್ಕೊಂಡ್ರ ಸೊಸೈಟಿ ಮಂದಿ ಏನಂದಾರು?" ಎಂದ ಅಣ್ಣ.

"ಸೊಸೈಟಿ ಮಂದಿ ನನ್ನ ಹಾಸಿಗಿ ನೋಡ್ಲಿಕ್ಕೆ ಬರ್ತಾರೇನು?"

ಹೊರಡುವ ಮುನ್ನಾದಿನ ವೈನಿ, ಅಂದರೆ ಅಣ್ಣನ ಹೆಂಡತಿ, ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸನ್ನು ಮೇಲೆ ಕರೆದಳು. ಸ್ಟೀಲು ಆಗಷ್ಟೇ ಮನೆಗಳಿಗೆ ಬರತೊಡಗಿತ್ತು. ವೈನಿಯ ಜರಿ ಸೀರೆಗಳನ್ನು ತಿರುವಿ ನೋಡಿ ಆ ಹೆಂಗಸು ಒಂದು ಡಬ್ಬಿ ಮುಂದಿಟ್ಟಳು. ಮುಚ್ಚಳವನ್ನು ಮಾತ್ರ ತನ್ನ ಮೊಣಕಾಲಿನ ಕೆಳಗೆ ಇಟ್ಟುಕೊಂಡಳು.

ಅವ್ವನ ಚೌಕಾಶಿ ಚಾಳಿನಲ್ಲೆಲ್ಲ ಹೆಸರಾಗಿತ್ತು. ವೈನಿಯ ಪೇಚಾಟ ಅವಳಿಗೆ ನೋಡಲಾಗಲಿಲ್ಲ.

"ಸರಿ ಆಕಡೆ. ಹಿಂಗ ಕೇಳಿದ್ರ ಡಬ್ಬೀನೂ ಒಯ್ತಾಳ ಆಕಿ" ಎಂದು ತಾನೇ ಕೂತಳು. ಅವಳ ಹರಕು ಮರಾಠಿ ಕೇಳಲು ನೆರೆಯ ಹೆಂಗಸರು ಗ್ಯಾಲರಿಯಲ್ಲಿ ನೆರೆದರು. ಪಾತ್ರೆಯವಳು ಮಾತ್ರ ಒಂದೇ ಮಾತಿಗೆ ಅಂಟಿಕೊಂಡಳು: "ಆಜಿ, ಆಣಖೀ ಟಾಕಾ." ಮುಚ್ಚಳ ಬೇಕಾದರೆ ಇನ್ನಷ್ಟು ಹಾಕು.

ಅಣ್ಣ ಬಾಗಿಲಿಗೊರಗಿ ನಕ್ಕ. "ಏನವ್ವಾ, ಹೋಗೋ ಹೊತ್ತಿಗೆ ಸೋತಿ? ಇಷ್ಟಕ್ಕಽ ಇಷ್ಟು ಹೆಸರಾಗಿತ್ತೇನು?"

ಹೆಂಗಸರೂ ನಕ್ಕರು. ಅವ್ವ ಎದ್ದು ಒಳಗೆ ಹೋಗಿ ಗಂಟು ತಂದು ರಾಶಿಯ ಮೇಲೆ ಹಾಕಿದಳು. ಪಾತ್ರೆಯವಳು ಅಪ್ಪನ ಧೋತರವನ್ನು ಬೆಳಕಿಗೆ ಹಿಡಿದು ತೂತುಗಳನ್ನು ನೋಡಿ ಮೂತಿ ತಿರುವಿದಳು, ಮುಚ್ಚಳ ಕೊಟ್ಟಳು.

ರಾಶಿಯನ್ನು ಕಟ್ಟುವಾಗ ಅವ್ವನ ಕೈ ಪರಕರದ ಅಂಚನ್ನು ಹಿಡಿದಿತ್ತು, ಹೆಂಗಸು ಎಳೆದುಕೊಂಡಳು. ನನಗೆ ಹಾಗೆ ನೆನಪು. ಆದರೆ ನಾನು ಬರೆದಿಟ್ಟ ಅಂದಿನ ದಿನಚರಿಯಲ್ಲಿ ಸಾಮಾನು ಕಟ್ಟಿದ ದಣಿವಷ್ಟೇ ಇದೆ, ಈ ಕೈಯ ಸುದ್ದಿಯಿಲ್ಲ. ಆಮೇಲೆ ಅಣ್ಣನ ಮೇಲೆ ಬಂದ ಸಿಟ್ಟೇ ಆ ಕೈಯನ್ನು ಅಲ್ಲಿ ತಂದಿಟ್ಟಿತೋ ಏನೋ. ಅವ್ವ ಗೆದ್ದು ನಕ್ಕಳು ಎಂದು ಅಣ್ಣ ಹೇಳುತ್ತಾನೆ. ಇರಬಹುದು. ಆಗ ನಾನು ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ.

ಘಾಟ್ಕೋಪರಿನ ಹಾಲ್ ನಿಜಕ್ಕೂ ದೊಡ್ಡದು. ಕೌದಿ ಪೂರ್ತಿ ಹರವಿದರೂ ಸುತ್ತ ನಡೆದಾಡುವಷ್ಟು ಜಾಗ. ಅಲ್ಲಿ ಕುರ್ಚಿಗಳು ಬಂದವು. ಬಂದವರಿಗೆಲ್ಲ ಅಣ್ಣ ಆ ಡಬ್ಬಿಯ ಕತೆ ಹೇಳುತ್ತಾನೆ, ಅವ್ವನೂ ನಗುತ್ತಾಳೆ: "ಮುಚ್ಚಳಾ ಇಲ್ದ ಡಬ್ಬಿ ತಗೊಂಡು ಏನ್ ಮಾಡೋದ್ರಿ?"

ಒಮ್ಮೆ ಅತಿಥಿಗಳು ಹೋದ ಮೇಲೆ ಅಡಿಗೆಮನೆಯಲ್ಲಿ ಕೇಳಿದೆ. "ಅವ್ವಾ, ಖರೇ ಹೇಳು. ಅವತ್ತ ನೀ ನಕ್ಕಿದ್ದೇನು?"

ಉಳಿದ ಅವಲಕ್ಕಿಯನ್ನು ಡಬ್ಬಿಗೆ ಸುರಿಯುತ್ತಿದ್ದಳು.

"ನಕ್ಕೆ ಅಂತ ನಿಮ್ಮಣ್ಣ ಹೇಳ್ತಾನಲ್ಲ. ಅವನ ಮನ್ಯಾಗ ಇರಬೇಕು ನಾ, ಮತ್ತೇನ್ ಹೇಳ್ಲಿ? ಆ ಮುಚ್ಚಳಾ ಇಲ್ಲೆ ಕೊಡು, ಅವಲಕ್ಕಿ ಮೆತ್ತಗಾಗ್ತದ."